ಹೊಸ ಬೇಟೆಗಾರನ ಮೊದಲ ಸ್ಕೋಪ್

ರೈಫಲ್ ಸ್ಕೋಪ್ (ಬಂದೂಕಿನ ಮೇಲೆ ಕೂರಿಸಿ ಗುರಿ ಹಿಡಿಯುವ ದೂರದರ್ಶಕ) ಕೊಳ್ಳಲು ಅಂಗಡಿಗೆ ಹೋದ ಹೊಸಬರ ಕಣ್ಣು ಮೊದಲು ಬೀಳುವುದು ಡಬ್ಬಿಯ ಮೇಲಿನ ಅತಿ ದೊಡ್ಡ ಸಂಖ್ಯೆಯ ಮೇಲೆ. ಒಂದು ಡಬ್ಬಿಯ ಮೇಲೆ 6-24×50 ಎಂದೂ ಪಕ್ಕದ ಡಬ್ಬಿಯ ಮೇಲೆ 3-9×40 ಎಂದೂ ಬರೆದಿದ್ದು, ಎರಡರ ಬೆಲೆಯೂ ಇನ್ನೂರು ಡಾಲರ್ ಆಸುಪಾಸಿನಲ್ಲಿದ್ದರೆ, ಇಪ್ಪತ್ತನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ಮೊದಲನೆಯದರ ಮುಂದೆ ಎರಡನೆಯದು ಸಪ್ಪೆಯಾಗಿ ಕಾಣುತ್ತದೆ. ನಾನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ದಕ್ಷಿಣ ಭಾಗದಲ್ಲಿ ನೆಲೆಸಿ, ಇಲ್ಲಿನ ನೆರೆಹೊರೆಯವರಿಂದ ಜಿಂಕೆ ಬೇಟೆಯನ್ನು ನಡುವಯಸ್ಸಿನಲ್ಲಿ ಕಲಿತವನು. ಈಗ ಅದೇ ದಾರಿ ಹಿಡಿದಿರುವ ಕೆಲವು ಕನ್ನಡದ ಗೆಳೆಯರು ಶರತ್ಕಾಲ ಬಂದೊಡನೆ ಸ್ಕೋಪ್ ಬಗ್ಗೆ ವಿಚಾರಿಸುತ್ತಾರೆ, ಮತ್ತು ಹೆಚ್ಚಿನವರು ಆ ಇಪ್ಪತ್ತನಾಲ್ಕನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. ನಾನು ಅವರಿಗೆ ಹೇಳುವುದಿಷ್ಟೇ: ಮೊದಲ ಸ್ಕೋಪ್ ಕೊಳ್ಳುವಾಗ ಚಿಕ್ಕ ಸಂಖ್ಯೆಯನ್ನು ನೋಡಿ. ಜಿಂಕೆ ಎದುರಾದ ಮೊದಲ ಮೂರು ನಾಲ್ಕು ಸೆಕೆಂಡುಗಳಲ್ಲಿ, ಅರೆಬೆಳಕಿನಲ್ಲಿ, ಸ್ಕೋಪ್ ನಿಮಗೆ ಏನನ್ನು ತೋರಿಸುತ್ತದೆ ಎಂಬುದರ ಮೇಲೆಯೇ ಅದರ ಯೋಗ್ಯತೆಯನ್ನು ಅಳೆಯಬೇಕು. ಈ ಬರಹದಲ್ಲಿ ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲಿಗೆ ಕಾನೂನಿನ ಮಾತು. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಇಲ್ಲಿ ಬರೆದಿರುವುದೆಲ್ಲ ಪರವಾನಗಿ ಪಡೆದು, ನಿಗದಿಯಾದ ಋತುವಿನಲ್ಲಿ, ನಿಗದಿಯಾದ ಪ್ರಾಣಿಯನ್ನು ಬೇಟೆಯಾಡುವ ಅಮೆರಿಕದ ವ್ಯವಸ್ಥೆಗೆ ಸೇರಿದ್ದು. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ಬೇಟೆ ಶಿಕ್ಷಣದ ತರಗತಿಯಲ್ಲಿ ತೇರ್ಗಡೆಯಾಗಿದ್ದರೆ ಮಾತ್ರ ಸ್ವತಂತ್ರವಾಗಿ ಬೇಟೆಗೆ ಹೋಗಲು ಪರವಾನಗಿ ಸಿಗುತ್ತದೆ. ಎಚ್-1ಬಿಯಂಥ ವಲಸೆಯೇತರ ವೀಸಾದ ಮೇಲೆ ಇರುವ ನಮ್ಮವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಅಂಥವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವುದನ್ನು ಒಕ್ಕೂಟದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಆದ್ದರಿಂದ ಪರವಾನಗಿ ಮೊದಲು, ಬಂದೂಕು ಆಮೇಲೆ. ಸ್ಕೋಪ್ ಬಂದೂಕಲ್ಲವಾದ್ದರಿಂದ ಅದನ್ನು ಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಆದರೆ ಊರಿಗೆ ಹೋಗುವಾಗ ಅದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಯೋಚನೆ ಬೇಡ, ಏಕೆಂದರೆ ರೈಫಲ್ ಸ್ಕೋಪ್‌ಗಳು ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿವೆ.

ಸ್ಕೋಪ್ ಬೇಕೇ ಬೇಕೇ ಎಂದು ಕೇಳುವವರೂ ಇದ್ದಾರೆ, ಮುಖ್ಯವಾಗಿ ಕೊಡಗಿನಿಂದ ಬಂದವರು. ಕೈಲ್ ಮುಹೂರ್ತದ ದಿನ ಮನೆಯ ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳನ್ನು ನೋಡುತ್ತ ಬೆಳೆದವರಿಗೆ ನಳಿಕೆಯ ತುದಿಯ ಗುರಿಕಾಯಿಯಲ್ಲೇ ಗುರಿ ಹಿಡಿಯುವುದು ಸಹಜವಾಗಿ ಕಾಣುತ್ತದೆ. ಚಿಕ್ಕ ವಯಸ್ಸಿನಲ್ಲಿ ಅಭ್ಯಾಸವಾದವರ ಮಟ್ಟಿಗೆ ಅದು ನಿಜವೂ ಹೌದು. ಆದರೆ ತೆರೆದ ಗುರಿಕಾಯಿಯಲ್ಲಿ ಕಣ್ಣು ಹಿಂದಿನ ಕಚ್ಚು, ಮುಂದಿನ ಮೊನೆ, ದೂರದ ಪ್ರಾಣಿ ಈ ಮೂರನ್ನೂ ಒಂದೇ ಸಾಲಿಗೆ ತರಬೇಕು, ಮತ್ತು ಮೂರರ ಮೇಲೂ ಒಟ್ಟಿಗೆ ದೃಷ್ಟಿ ನೆಡಲು ಯಾರ ಕಣ್ಣಿಗೂ ಆಗುವುದಿಲ್ಲ. ನಲವತ್ತು ದಾಟಿ, ಹತ್ತಿರದ್ದನ್ನು ಓದಲು ಕನ್ನಡಕ ಹುಡುಕುವ ವಯಸ್ಸಿನಲ್ಲಿ ಮುಂದಿನ ಮೊನೆಯೇ ಮಸುಕಾಗಿರುತ್ತದೆ. ಸ್ಕೋಪ್ ಪ್ರಾಣಿಯನ್ನೂ ತನ್ನೊಳಗೆ ಕಾಣುವ ಅಡ್ಡ-ಉದ್ದದ ಗುರಿಗೆರೆಗಳನ್ನೂ ಒಂದೇ ತಲದಲ್ಲಿ ತಂದಿಡುತ್ತದೆ. ನಡುವಯಸ್ಸಿನಲ್ಲಿ ಬೇಟೆ ಕಲಿಯುವವರಿಗೆ ದೊಡ್ಡದಾಗಿ ತೋರಿಸುವುದಕ್ಕಿಂತ ಇದೇ ಸ್ಕೋಪ್‌ನ ದೊಡ್ಡ ಉಪಕಾರ.

ಇನ್ನು ಪಟ್ಟಿನ ವಿಷಯ. 3-9×40 ಎಂದರೆ ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ಹಿಗ್ಗಿಸಬಹುದಾದ, ಮುಂದಿನ ಮಸೂರದ ಅಡ್ಡಳತೆ ನಲವತ್ತು ಮಿಲಿಮೀಟರ್ ಇರುವ ಸ್ಕೋಪ್. ಇಂಥ ಸ್ಕೋಪ್‌ನಲ್ಲಿ ಮೂರು ಪಟ್ಟಿಗೆ ಇಟ್ಟಾಗ ನೂರು ಗಜ ದೂರದಲ್ಲಿ ಸುಮಾರು 33 ಅಡಿ ಅಗಲದ ನೋಟ ಸಿಗುತ್ತದೆ. ಒಂಬತ್ತಕ್ಕೆ ಏರಿಸಿದರೆ ಅದು ಸುಮಾರು 13 ಅಡಿಗೆ ಇಳಿಯುತ್ತದೆ. ನೂರು ಗಜದಲ್ಲಿ 13 ಅಡಿ ಧಾರಾಳವೇ. ಆದರೆ ವಿಸ್ಕಾನ್ಸಿನ್‌ನ ಕಾಡಿನಲ್ಲಿ, ಅದರಲ್ಲೂ ನೈಋತ್ಯ ಭಾಗದ ಗುಡ್ಡಗಳ ಓಕ್ ಮರಗಳ ನಡುವೆ, ಬಿಳಿಬಾಲದ ಜಿಂಕೆ ಮೂವತ್ತು ನಲವತ್ತು ಗಜಕ್ಕೆ ಬಂದು ನಿಲ್ಲುವುದೇನೂ ಅಪರೂಪವಲ್ಲ. ಮೂವತ್ತು ಗಜದಲ್ಲಿ ಒಂಬತ್ತು ಪಟ್ಟಿನ ನೋಟದ ಅಗಲ ನಾಲ್ಕು ಅಡಿಯೂ ಉಳಿಯುವುದಿಲ್ಲ. ಸ್ಕೋಪ್ ತುಂಬ ಕಂದು ಕೂದಲು ಕಾಣುತ್ತದೆ. ಅದು ಭುಜವೋ ಹೊಟ್ಟೆಯೋ ತೊಡೆಯೋ ತಿಳಿಯುವುದರೊಳಗೆ ಜಿಂಕೆ ಪೊದೆಯ ಹಿಂದೆ ಸರಿದಿರುತ್ತದೆ. ಮೂರು ಪಟ್ಟಿನಲ್ಲಿ ಅಷ್ಟೇ ದೂರಕ್ಕೆ ಹತ್ತು ಅಡಿ ಅಗಲ ಕಾಣುವುದರಿಂದ ಪ್ರಾಣಿ ಇಡಿಯಾಗಿ, ಅದರ ಹಿಂದೆ ಏನಿದೆ ಎಂಬುದರ ಸಮೇತ ಕಣ್ಣಿಗೆ ಬೀಳುತ್ತದೆ. ಗುಂಡು ಜಿಂಕೆಯ ಮೈ ದಾಟಿಯೂ ಮುಂದೆ ಹೋಗಬಹುದಾದ್ದರಿಂದ ಆ ಹಿನ್ನೆಲೆ ಕಾಣುವುದು ಬಹಳ ಮುಖ್ಯ.

ಇಪ್ಪತ್ತನಾಲ್ಕು ಪಟ್ಟಿನದನ್ನು ಕೊಂಡು ಬೇಕಾದಾಗ ಕೆಳಗಿಳಿಸಿಕೊಂಡರಾಯಿತಲ್ಲ ಎಂದು ಗೆಳೆಯರೊಬ್ಬರು ವಾದಿಸಿದ್ದರು. ಆ ಸ್ಕೋಪ್ ಆರಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಇನ್ನೊಂದು ತುದಿಯಲ್ಲೂ ಅದರಿಂದ ಹೊಸಬರಿಗೆ ಅಂಥ ಲಾಭವಿಲ್ಲ: ಇಪ್ಪತ್ತು ಪಟ್ಟಿನಲ್ಲಿ ಕೈಯ ನಡುಕ, ಉಸಿರಿನ ಏರಿಳಿತ, ಎದೆಬಡಿತ ಎಲ್ಲವೂ ಇಪ್ಪತ್ತು ಪಟ್ಟಾಗಿ ಕಾಣುವುದರಿಂದ, ಅಲುಗಾಡುವ ಗೆರೆಯನ್ನು ಹಿಡಿದು ನಿಲ್ಲಿಸುವ ಆತುರದಲ್ಲಿ ಟ್ರಿಗರ್ ಅನ್ನು ಒತ್ತುವ ಬದಲು ಜಗ್ಗಿಬಿಡುವುದೇ ಹೆಚ್ಚು. ನಾಲ್ಕು ಪಟ್ಟಿನಲ್ಲಿ ನೂರು ಗಜದ ಜಿಂಕೆ ಬರಿಗಣ್ಣಿಗೆ ಇಪ್ಪತ್ತೈದು ಗಜದಲ್ಲಿ ಕಂಡಂತೆ ಕಾಣುತ್ತದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳ ಭಾಗ ಸುಮಾರು ಎಂಟು ಅಂಗುಲ ಅಗಲ; ಅದಕ್ಕೆ ಗುರಿ ಹಿಡಿಯಲು ಅಷ್ಟು ಸಾಕು. ಬಯಲಿನ ಮೆಕ್ಕೆಜೋಳದ ಹೊಲದಂಚಿನಲ್ಲಿ ಕುಳಿತು ಇನ್ನೂರು ಗಜಕ್ಕೆ ಹೊಡೆಯಬೇಕಾಗಿ ಬಂದರೂ ಒಂಬತ್ತು ಪಟ್ಟು ಕಡಿಮೆಯೆನಿಸುವುದಿಲ್ಲ. ದಟ್ಟ ಕಾಡಿನಲ್ಲೇ ಕೂರುವವರಾದರೆ 2-7×32 ಅಥವಾ 2-7×33 ಇನ್ನೂ ಒಳ್ಳೆಯದು, ಹಗುರವೂ ಹೌದು; ಆದರೆ ಆ ಅಳತೆಯಲ್ಲಿ ಅಂಗಡಿಗಳಲ್ಲಿ ಸಿಗುವ ಆಯ್ಕೆ ಕಡಿಮೆ.

ಬೆಳಕಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅಗ್ಗದ ಸ್ಕೋಪ್‌ಗಳ ನಡುವಿನ ವ್ಯತ್ಯಾಸ ಹೊರಬೀಳುವುದು ಅಲ್ಲಿಯೇ. ವಿಸ್ಕಾನ್ಸಿನ್‌ನ ಒಂಬತ್ತು ದಿನಗಳ ಬಂದೂಕಿನ ಋತು ನವೆಂಬರ್‌ನಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಆರಂಭವಾಗುತ್ತದೆ. ಆ ಹೊತ್ತಿಗೆ ಮ್ಯಾಡಿಸನ್ ಸುತ್ತಮುತ್ತ ಸೂರ್ಯ ಹುಟ್ಟುವುದು ಸುಮಾರು ಏಳು ಗಂಟೆಗೆ, ಮುಳುಗುವುದು ಸುಮಾರು ನಾಲ್ಕೂವರೆಗೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಗುಂಡು ಹಾರಿಸಲು ಕಾನೂನು ಅನುಮತಿ ಕೊಡುತ್ತದೆ, ಸಂಜೆಯೂ ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು ಅವಕಾಶವಿದೆ. ಜಿಂಕೆಗಳು ಹೆಚ್ಚಾಗಿ ಓಡಾಡುವುದು ಮುಂಜಾವು ಮತ್ತು ಮುಸ್ಸಂಜೆಗಳ ಈ ಅರೆಬೆಳಕಿನಲ್ಲೇ. ನಡುಹಗಲಿನಲ್ಲಿ ಎಪ್ಪತ್ತು ಡಾಲರಿನ ಸ್ಕೋಪ್‌ಗೂ ಏಳುನೂರು ಡಾಲರಿನದಕ್ಕೂ ಅಂತರ ಹುಡುಕಬೇಕಾಗುತ್ತದೆ. ಸೂರ್ಯ ಮುಳುಗಿದ ಮೇಲಿನ ಹತ್ತು ನಿಮಿಷಗಳಲ್ಲಿ ಹುಡುಕುವ ಅಗತ್ಯವೇ ಬೀಳುವುದಿಲ್ಲ.

ಇದರ ಲೆಕ್ಕ ಸರಳ. ಮುಂದಿನ ಮಸೂರದ ಅಡ್ಡಳತೆಯನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿನ ಕಡೆಗೆ ಹೊರಬರುವ ಬೆಳಕಿನ ವೃತ್ತದ ಅಳತೆ ಸಿಗುತ್ತದೆ. ನಲವತ್ತನ್ನು ಒಂಬತ್ತರಿಂದ ಭಾಗಿಸಿದರೆ ಸುಮಾರು 4.4 ಮಿಲಿಮೀಟರ್, ಆರರಿಂದ ಭಾಗಿಸಿದರೆ ಸುಮಾರು 6.7, ನಾಲ್ಕರಿಂದಾದರೆ 10. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಸುಮಾರು ಏಳು ಮಿಲಿಮೀಟರ್‌ವರೆಗೆ ಹಿಗ್ಗುತ್ತದೆ, ವಯಸ್ಸಾದಂತೆ ಆ ಹಿಗ್ಗುವಿಕೆ ಕುಗ್ಗುತ್ತದೆ. ಹಾಗಾಗಿ ಕತ್ತಲಾಗುತ್ತಿದ್ದಂತೆ ಸ್ಕೋಪ್‌ನ ಪಟ್ಟನ್ನು ಆರಕ್ಕೋ ಐದಕ್ಕೋ ಇಳಿಸಿದರೆ ಚಿತ್ರ ಒಮ್ಮೆಲೇ ಬೆಳಗಾಗುತ್ತದೆ, ಇದಕ್ಕೆ ಖರ್ಚೇನೂ ಇಲ್ಲ. ಐವತ್ತು ಮಿಲಿಮೀಟರ್ ಮಸೂರ ಕೊಂಡವರು ಇದೇ ಲಾಭಕ್ಕೆ ಹೆಚ್ಚು ಹಣ, ಹೆಚ್ಚು ತೂಕ ಎರಡನ್ನೂ ತೆತ್ತಿರುತ್ತಾರೆ. ಮೇಲಾಗಿ, ದೊಡ್ಡ ಮಸೂರ ನಳಿಕೆಗೆ ತಾಗದಂತೆ ಸ್ಕೋಪನ್ನು ಎತ್ತರದ ಬಳೆಗಳ (ಅದನ್ನು ಬಂದೂಕಿಗೆ ಹಿಡಿದಿಡುವ ಉಂಗುರಗಳ) ಮೇಲೆ ಕೂರಿಸಬೇಕಾಗುತ್ತದೆ, ಆಗ ಕೆನ್ನೆ ಬಂದೂಕಿನ ಹಿಂಬದಿಯ ಮರಕ್ಕೆ ಊರದೆ ಕತ್ತು ಎತ್ತಿ ನೋಡುವ ಸ್ಥಿತಿ ಬರುತ್ತದೆ. ಮೂವತ್ತು ಮಿಲಿಮೀಟರ್ ಕೊಳವೆ ಒಂದು ಅಂಗುಲದ ಕೊಳವೆಗಿಂತ ಹೆಚ್ಚು ಬೆಳಕು ತರುತ್ತದೆ ಎಂಬ ಮಾತೂ ಅಂಗಡಿಗಳಲ್ಲಿ ಕಿವಿಗೆ ಬೀಳುತ್ತದೆ. ದಪ್ಪ ಕೊಳವೆಯಿಂದ ಮುಖ್ಯವಾಗಿ ಸಿಗುವುದು ಗುರಿಯನ್ನು ಮೇಲೆ ಕೆಳಗೆ ಸರಿಸಲು ಹೆಚ್ಚಿನ ಜಾಗ. ಇನ್ನೂರು ಗಜದೊಳಗಿನ ಬೇಟೆಗೆ ಅದರ ಅಗತ್ಯವಿಲ್ಲ.

ಮಸೂರಗಳ ಮೇಲಿನ ಲೇಪನಕ್ಕೆ ಕೊಡುವ ಹಣ ಮಾತ್ರ ವ್ಯರ್ಥವಾಗುವುದಿಲ್ಲ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯಲ್ಲೂ ಶೇಕಡಾ ನಾಲ್ಕರಷ್ಟು ಬೆಳಕು ಪ್ರತಿಫಲಿಸಿ ಹಿಂದಕ್ಕೆ ಹೋಗುತ್ತದೆ. ಒಂದು ಸ್ಕೋಪ್‌ನಲ್ಲಿ ಅಂಥ ಹತ್ತು ಮೇಲ್ಮೈಗಳಿದ್ದರೆ ಕೊನೆಗೆ ಕಣ್ಣಿಗೆ ತಲುಪುವುದು ಮೂರರಲ್ಲಿ ಎರಡು ಪಾಲು ಬೆಳಕು ಮಾತ್ರ, ಉಳಿದದ್ದರಲ್ಲಿ ಒಂದಿಷ್ಟು ಕೊಳವೆಯೊಳಗೇ ಚದುರಿ ಚಿತ್ರವನ್ನು ಮಂಕಾಗಿಸುತ್ತದೆ. 1935ರಲ್ಲಿ ಜರ್ಮನಿಯ ಕಾರ್ಲ್ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಡೆಯುವ ತೆಳು ಲೇಪನವನ್ನು ರೂಪಿಸಿದ ಮೇಲೆ ದೂರದರ್ಶಕಗಳ ಜಗತ್ತೇ ಬದಲಾಯಿತು. ಇವತ್ತು ಡಬ್ಬಿಯ ಮೇಲೆ ‘ಕೋಟೆಡ್’ ಎಂದಷ್ಟೇ ಇದ್ದರೆ ಕೆಲವು ಮೇಲ್ಮೈಗಳಿಗೆ ಮಾತ್ರ ಲೇಪನವಿದೆ ಎಂದರ್ಥ. ‘ಫುಲ್ಲಿ ಮಲ್ಟಿ-ಕೋಟೆಡ್’ ಎಂದಿದ್ದರೆ ಗಾಳಿಗೆ ತೆರೆದ ಎಲ್ಲ ಮೇಲ್ಮೈಗಳಿಗೂ ಹಲವು ಪದರಗಳ ಲೇಪನವಿದೆ. ಎರಡನೆಯ ಮಾತು ಕಾಣದ ಡಬ್ಬಿಯನ್ನು, ಅದು ಎಷ್ಟೇ ಅಗ್ಗವಾಗಿರಲಿ, ವಾಪಸು ಇಡುವುದು ಒಳ್ಳೆಯದು. ಅಂಗಡಿಯೊಳಗಿನ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲ ಸ್ಕೋಪ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಬಂದೂಕಿಗೆ ಜೋಡಿಸದ ಸ್ಕೋಪನ್ನು ಸಂಜೆಯ ಹೊತ್ತು ಬಾಗಿಲ ಬಳಿ ತಂದು, ಹೊರಗಿನ ಮರದ ಬುಡದ ನೆರಳಿನಲ್ಲಿ ತೊಗಟೆಯ ಗೆರೆಗಳು ಕಾಣುತ್ತವೆಯೇ ನೋಡಲು ಅನುಮತಿ ಕೇಳಿ. ಒಪ್ಪುವ ಅಂಗಡಿಯವರು ಇದ್ದೇ ಇದ್ದಾರೆ.

ಕನ್ನಡಕ ಹಾಕುವವರು ಇನ್ನೊಂದು ಅಳತೆಯನ್ನು ತಪ್ಪದೆ ನೋಡಬೇಕು. ಪೂರ್ತಿ ಚಿತ್ರ ಕಾಣಲು ಕಣ್ಣು ಸ್ಕೋಪ್‌ನ ಹಿಂದಿನ ಗಾಜಿನಿಂದ ಎಷ್ಟು ದೂರದಲ್ಲಿರಬೇಕೋ ಅದನ್ನು ಐ ರಿಲೀಫ್ ಎನ್ನುತ್ತಾರೆ. ಅದು ಮೂರೂವರೆ ಅಂಗುಲಕ್ಕಿಂತ ಕಡಿಮೆ ಇದ್ದರೆ .308 ವಿಂಚೆಸ್ಟರ್‌ನಂಥ ತೋಟಾದ ಒದೆತಕ್ಕೆ ಸ್ಕೋಪ್‌ನ ಅಂಚು ಬಂದು ಹುಬ್ಬಿಗೆ ಬಡಿಯಬಹುದು. ಇಲ್ಲಿನ ಶೂಟಿಂಗ್ ರೇಂಜುಗಳಲ್ಲಿ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯವಾದವರನ್ನು ಕಾಣುವುದು ಕಷ್ಟವೇನಲ್ಲ. ನಾಲ್ಕು ಅಂಗುಲಕ್ಕೆ ಹತ್ತಿರವಿದ್ದರೆ ನಿಶ್ಚಿಂತೆ. ಪಟ್ಟು ಏರಿಸಿದಂತೆ ಕೆಲವು ಸ್ಕೋಪ್‌ಗಳಲ್ಲಿ ಈ ದೂರ ಕುಗ್ಗುವುದರಿಂದ ಎರಡೂ ತುದಿಗಳಲ್ಲಿ ಪರೀಕ್ಷಿಸಬೇಕು. ಹಿಂದಿನ ಗಾಜಿನ ಉಂಗುರವನ್ನು ತಿರುಗಿಸಿ ಗುರಿಗೆರೆಗಳನ್ನು ನಿಮ್ಮ ಕಣ್ಣಿಗೆ ಸ್ಪಷ್ಟವಾಗಿಸಿಕೊಳ್ಳುವ ಕೆಲಸವೂ ಇದೆ: ಬಿಳಿ ಗೋಡೆಯತ್ತಲೋ, ಸೂರ್ಯನಿಲ್ಲದ ದಿಕ್ಕಿನ ಆಕಾಶದತ್ತಲೋ ಒಂದೆರಡು ಸೆಕೆಂಡು ಮಾತ್ರ ನೋಡಿ, ಕಣ್ಣು ತೆಗೆದು, ಉಂಗುರ ತಿರುಗಿಸಿ, ಮತ್ತೆ ನೋಡಬೇಕು. ದಿಟ್ಟಿಸಿ ನೋಡುತ್ತ ಕುಳಿತರೆ ಕಣ್ಣು ತಾನೇ ಹೊಂದಿಕೊಂಡು ಮಸುಕನ್ನು ಮರೆಮಾಚಿಬಿಡುತ್ತದೆ.

ಗುರಿಗೆರೆಗಳ ವಿನ್ಯಾಸಗಳಲ್ಲಿ ಹೊಸಬರಿಗೆ ಹೊಂದುವುದು ಹಳೆಯದೇ. ಹೊರಗೆ ದಪ್ಪವಾಗಿದ್ದು ನಡುವಿಗೆ ಬರುತ್ತ ತೆಳುವಾಗುವ ನಾಲ್ಕು ಗೆರೆಗಳ ವಿನ್ಯಾಸವನ್ನು ಲ್ಯೂಪೋಲ್ಡ್ ಕಂಪನಿ 1962ರಲ್ಲಿ ಡುಪ್ಲೆಕ್ಸ್ ಎಂಬ ಹೆಸರಿನಲ್ಲಿ ತಂದಿತು, ಆಮೇಲೆ ಎಲ್ಲರೂ ಅದನ್ನು ಅನುಸರಿಸಿದರು. ಅರೆಬೆಳಕಿನಲ್ಲಿ ತೆಳು ಗೆರೆ ಕರಗಿಹೋದರೂ ದಪ್ಪ ಗೆರೆಗಳು ಕಣ್ಣನ್ನು ನಡುವಿಗೆ ಒಯ್ಯುತ್ತವೆ. ನಡುಗೆರೆಯ ಕೆಳಗೆ ಮುನ್ನೂರು, ನಾನೂರು ಗಜಕ್ಕೆಂದು ಚಿಕ್ಕ ಗುರುತುಗಳಿರುವ ಮಾದರಿಗಳನ್ನು ಹೆಚ್ಚು ಬೆಲೆಗೆ ಮಾರುತ್ತಾರೆ. ಅಗ್ಗದ ಬೇಟೆ ಸ್ಕೋಪ್‌ಗಳಲ್ಲಿ ಹೆಚ್ಚಿನವುಗಳ ಗುರುತುಗಳು ಒಂದೇ ಪಟ್ಟಿನಲ್ಲಿ, ಸಾಮಾನ್ಯವಾಗಿ ಅತಿ ಹೆಚ್ಚಿನ ಪಟ್ಟಿನಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಪಟ್ಟು ಬದಲಾದರೆ ಗುರುತುಗಳ ಅರ್ಥವೂ ಬದಲಾಗುತ್ತದೆ. ನಾನೂರು ಗಜಕ್ಕೆ ಗುಂಡು ಹೊಡೆಯುವ ಆಸೆಯನ್ನೇ ಹೊಸಬರ ಮನಸ್ಸಿನಲ್ಲಿ ಬಿತ್ತುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ಗಾಯಗೊಂಡು ತಪ್ಪಿಸಿಕೊಂಡ ಜಿಂಕೆ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. ಬ್ಯಾಟರಿಯಿಂದ ಬೆಳಗುವ ಕೆಂಪು ಚುಕ್ಕೆ ದಟ್ಟ ಕಾಡಿನಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಇನ್ನೂರು ಡಾಲರಿನೊಳಗೆ ಅದನ್ನು ಕೊಡುವವರು ಆ ಹಣವನ್ನು ಎಷ್ಟೋ ಸಲ ಗಾಜಿನ ಗುಣಮಟ್ಟದಿಂದ ಕಡಿತ ಮಾಡಿರುತ್ತಾರೆ. ಗುರಿ ಸರಿಸುವ ತಿರುಪುಗಳಿಗೆ ಮುಚ್ಚಳವಿರುವ ಸ್ಕೋಪನ್ನೇ ಆರಿಸಿ. ತೆರೆದ ತಿರುಪುಗಳು ಕೋಟಿಗೋ ಚೀಲಕ್ಕೋ ತಗುಲಿ ತಿರುಗಿದ್ದರೆ, ಅದು ಗೊತ್ತಾಗುವುದು ಗುಂಡು ತಪ್ಪಿದ ಮೇಲೆಯೇ.

ಚಳಿಯ ಮಾತು ಇಲ್ಲಿ ಬರಲೇಬೇಕು. ಒರೆಗಾನ್ ರಾಜ್ಯದ ಲ್ಯೂಪೋಲ್ಡ್ ಕಂಪನಿ 1907ರಲ್ಲಿ ಭೂಮಾಪನ ಉಪಕರಣಗಳ ದುರಸ್ತಿ ಅಂಗಡಿಯಾಗಿ ಆರಂಭವಾದದ್ದು. ಆ ಮನೆತನದ ಮಾರ್ಕಸ್ ಲ್ಯೂಪೋಲ್ಡ್ ಬೇಟೆಗೆ ಹೋದಾಗ ಸ್ಕೋಪ್‌ನೊಳಗೆ ಹಬೆ ಕಟ್ಟಿ ಜಿಂಕೆ ತಪ್ಪಿಹೋಯಿತೆಂದೂ, ಆ ಸಿಟ್ಟಿನಲ್ಲಿ ತಾವೇ ಸ್ಕೋಪ್ ತಯಾರಿಸಲು ಹೊರಟರೆಂದೂ ಕಂಪನಿಯವರೇ ಹೇಳಿಕೊಳ್ಳುತ್ತಾರೆ. ಅವರ ಮೊದಲ ಸ್ಕೋಪ್ ಮಾರುಕಟ್ಟೆಗೆ ಬಂದದ್ದು 1947ರಲ್ಲಿ. ಕೊಳವೆಯೊಳಗಿನ ತೇವದ ಗಾಳಿಯನ್ನು ಹೊರಹಾಕಿ ಒಣ ನೈಟ್ರೋಜನ್ ತುಂಬಿ ಮುಚ್ಚುವ ಪದ್ಧತಿ ಈಗ ನೂರು ಡಾಲರಿನ ಸ್ಕೋಪ್‌ಗಳಲ್ಲೂ ಇದೆ. ಆದರೆ ಅದು ಒಳಗಿನ ಹಬೆಯನ್ನಷ್ಟೇ ತಡೆಯುತ್ತದೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಿಂದ ಬೆಚ್ಚನೆಯ ಮನೆಯೊಳಗೆ ತಂದ ಸ್ಕೋಪ್‌ನ ಹೊರಗಾಜಿನ ಮೇಲೆ ನೀರು ಕೂತೇ ಕೂರುತ್ತದೆ, ಅದೇ ಒದ್ದೆಯಲ್ಲಿ ಮತ್ತೆ ಹೊರಗೆ ಒಯ್ದರೆ ಹಿಮವಾಗುತ್ತದೆ. ಖಾಲಿ ಮಾಡಿದ ಬಂದೂಕನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿದ ತಣ್ಣನೆಯ ಗ್ಯಾರೇಜಿನಲ್ಲೇ ಇಡುವುದು ಇಲ್ಲಿನ ಹಳಬರ ರೂಢಿ. ಮರದ ಮೇಲೆ ಕುಳಿತಾಗ ಗಾಜಿನ ಮೇಲೆ ಉಸಿರು ಬೀಳದಂತೆ ಮುಖ ತಿರುಗಿಸುವುದು ಒಂದೆರಡು ದಿನಗಳಲ್ಲಿ ತಾನಾಗಿಯೇ ಅಭ್ಯಾಸವಾಗುತ್ತದೆ.

ಹೆಸರುಗಳನ್ನು ಹೇಳದೆ ಇಷ್ಟು ಬರೆದರೆ ಓದುವವರು ಬೇಸರಗೊಳ್ಳುತ್ತಾರೆ. ನೂರೈವತ್ತು ಡಾಲರ್ ಆಸುಪಾಸಿನಲ್ಲಿ ವೋರ್ಟೆಕ್ಸ್ ಕ್ರಾಸ್‌ಫೈರ್ 2 ಸರಣಿಯ 3-9×40 ನನಗೆ ಸಮಾಧಾನ ತಂದಿದೆ. ಕಂಪನಿಯ ಕೇಂದ್ರ ಮ್ಯಾಡಿಸನ್‌ಗೆ ಪಶ್ಚಿಮದ ಬಾರ್ನೆವೆಲ್ಡ್‌ನಲ್ಲಿದ್ದರೂ ಈ ಅಗ್ಗದ ಸರಣಿ ತಯಾರಾಗುವುದು ಚೀನಾದಲ್ಲಿ, ಅದರಲ್ಲಿ ನನಗೆ ಯಾವ ಕೊರತೆಯೂ ಕಂಡಿಲ್ಲ. ಇನ್ನೂರೈವತ್ತರಿಂದ ಮುನ್ನೂರು ಡಾಲರ್ ಕೊಡಬಲ್ಲವರಿಗೆ ಲ್ಯೂಪೋಲ್ಡ್ ವಿಎಕ್ಸ್-ಫ್ರೀಡಂ 3-9×40 ಇದೆ. ಮುಸ್ಸಂಜೆಯ ನೋಟ ಇನ್ನಷ್ಟು ಸ್ವಚ್ಛ, ತೂಕ ಹನ್ನೆರಡು ಔನ್ಸ್ ಚಿಲ್ಲರೆ. ಬರಿಸ್ ಕಂಪನಿಯ ಫುಲ್‌ಫೀಲ್ಡ್ ಸರಣಿ ಇವೆರಡರ ಜೊತೆ ಹೋಲಿಸಿ ನೋಡಬೇಕಾದದ್ದು. ಈ ಮೂರೂ ಕಂಪನಿಗಳು ಸ್ಕೋಪ್ ಯಾರ ಕೈಯಲ್ಲಿದ್ದರೂ, ರಸೀದಿ ಇಲ್ಲದಿದ್ದರೂ, ಕೆಟ್ಟರೆ ದುರಸ್ತಿ ಮಾಡಿಯೋ ಬದಲಿಸಿಯೋ ಕೊಡುವ ಭರವಸೆ ನೀಡುತ್ತವೆ. ಹಾಗಾಗಿ ಅವುಗಳನ್ನು ಹಳತಾಗಿ ಕೊಂಡರೂ ಹಣಕ್ಕೆ ಮೋಸವಿಲ್ಲ. ಆದರೆ ಲ್ಯೂಪೋಲ್ಡ್ ಹೆಸರಿನ ನಕಲಿ ಸ್ಕೋಪ್‌ಗಳು ಅಂತರ್ಜಾಲದಲ್ಲಿ ಓಡಾಡುತ್ತಿವೆ. ನಂಬಲಾಗದಷ್ಟು ಕಡಿಮೆ ಬೆಲೆ ಕಂಡರೆ ನಂಬಬೇಡಿ. ನಿಕಾನ್ ಕಂಪನಿ ರೈಫಲ್ ಸ್ಕೋಪ್‌ಗಳ ತಯಾರಿಕೆಯನ್ನೇ ನಿಲ್ಲಿಸಿದೆಯಾದರೂ ಅದರ ಹಳೆಯ ಪ್ರೋಸ್ಟಾಫ್ ಮಾದರಿಗಳು ಒಳ್ಳೆಯ ಸ್ಥಿತಿಯಲ್ಲಿ, ಕಡಿಮೆ ಬೆಲೆಗೆ ಸಿಗುವುದುಂಟು. ಬಂದೂಕಿನ ಜೊತೆಗೇ ಸ್ಕೋಪ್ ಜೋಡಿಸಿ ಮಾರುವ ಕಟ್ಟುಗಳಲ್ಲಿ ಯಾವ ಸ್ಕೋಪ್ ಇದೆ ಎಂಬುದನ್ನು ಹೆಸರು ಹಿಡಿದು ಕೇಳಬೇಕು. ಕೆಲವು ಕಟ್ಟುಗಳಲ್ಲಿ ಒಳ್ಳೆಯ ಸ್ಕೋಪ್ ಇರುತ್ತದೆ, ಕೆಲವದರಲ್ಲಿ ಲೆಕ್ಕಕ್ಕೆ ಮಾತ್ರ ಇರುತ್ತದೆ.

ಬಂದೂಕಿಗೆ ಕೊಟ್ಟಷ್ಟೇ ಹಣವನ್ನು ಸ್ಕೋಪಿಗೂ ಕೊಡಬೇಕೆಂಬ ಹಳೆಯ ಮಾತು ಇಲ್ಲಿನ ಬೇಟೆಗಾರರಲ್ಲಿ ಚಾಲ್ತಿಯಲ್ಲಿದೆ. ಹೊಸಬರ ವಿಷಯದಲ್ಲಿ ಅದನ್ನು ನಾನು ಒಪ್ಪುವುದಿಲ್ಲ. ಐನೂರು ಡಾಲರ್ ಸ್ಕೋಪಿಗೆ ಸುರಿದು, ಇಪ್ಪತ್ತು ತೋಟಾಗಳ ಒಂದೇ ಪೆಟ್ಟಿಗೆ ಕೊಂಡು ಋತು ಆರಂಭಿಸುವವರಿಗಿಂತ, ಇನ್ನೂರರ ಸ್ಕೋಪ್ ಕೊಂಡು ಉಳಿದ ಹಣದಲ್ಲಿ ತೋಟಾಗಳನ್ನು ಕೊಂಡು ಬೇಸಿಗೆಯಿಡೀ ರೇಂಜಿನಲ್ಲಿ ಅಭ್ಯಾಸ ಮಾಡಿದವರು ಎಷ್ಟೋ ವಾಸಿ. ಹಾಗೆ ಉಳಿಸಿದ ಹಣದಲ್ಲಿ ಒಂದು ಸಾಧಾರಣ ಬೈನಾಕ್ಯುಲರ್ ಬರುವುದೂ ಮುಖ್ಯ. ದೂರದಲ್ಲಿ ಏನೋ ಅಲುಗಾಡಿತೆಂದು ಸ್ಕೋಪ್ ಎತ್ತಿ ನೋಡುವುದೆಂದರೆ ತುಂಬಿದ ಬಂದೂಕನ್ನು ಅದರತ್ತ ತಿರುಗಿಸುವುದೆಂದೇ ಅರ್ಥ. ಅಲುಗಾಡಿದ್ದು ಕಿತ್ತಳೆ ಕೋಟು ತೊಟ್ಟ ಮನುಷ್ಯನಾಗಿರಬಹುದು. ಏನೆಂದು ತಿಳಿಯಲು ಬೈನಾಕ್ಯುಲರ್, ಜಿಂಕೆಯೆಂದು ಖಾತ್ರಿಯಾದ ಮೇಲೆ ಸ್ಕೋಪ್. ಬೇಟೆ ಶಿಕ್ಷಣದ ತರಗತಿಯಲ್ಲಿ ಇದನ್ನು ಕಲಿಸುತ್ತಾರೆ. ಚಳಿಯಲ್ಲಿ ಮೈ ಮರಗಟ್ಟಿದಾಗ ಕೊರಳಲ್ಲಿ ಬೈನಾಕ್ಯುಲರ್ ಇಲ್ಲದಿದ್ದರೆ ಕೈ ಬಂದೂಕಿನತ್ತಲೇ ಹೋಗುತ್ತದೆ.

ಸ್ಕೋಪ್ ಕೆಟ್ಟಿದೆಯೆಂದು ದೂರುವವರ ಬಂದೂಕನ್ನು ತೆಗೆದು ನೋಡಿದರೆ ಬಹಳಷ್ಟು ಸಲ ಸಡಿಲವಾಗಿರುವುದು ಸ್ಕೋಪನ್ನು ಹಿಡಿದ ಬಳೆಗಳು ಅಥವಾ ಅವುಗಳ ಕೆಳಗಿನ ಪಟ್ಟಿ. ಬಳೆಗಳಿಗೆ ಮೂವತ್ತರಿಂದ ಐವತ್ತು ಡಾಲರ್ ಕೊಡಲು ಹಿಂಜರಿಯಬಾರದು. ಪಟ್ಟಿಯ ತಿರುಪುಗಳ ಎಣ್ಣೆಯನ್ನು ಒರೆಸಿ, ತಯಾರಕರು ಹೇಳಿದಷ್ಟೇ ಬಿಗಿಯಾಗಿ ಕೂರಿಸಬೇಕು. ಬಳೆಗಳ ಮೇಲಿನ ತಿರುಪುಗಳಿಗೆ ಸಾಮಾನ್ಯವಾಗಿ ಹದಿನೈದರಿಂದ ಹದಿನೆಂಟು ಅಂಗುಲ-ಪೌಂಡ್ ಬಿಗಿತ ಸಾಕು. ಕಾರಿನ ಚಕ್ರದ ನಟ್ಟುಗಳನ್ನು ಬಿಗಿಯುವಂತೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಬೇಕು. ಬಿಗಿತ ಅಳೆಯುವ ತಿರುಪುಳಿ ಇಲ್ಲದವರು ನೆರೆಯವರಲ್ಲಿ ಕೇಳಿದರೆ ವಿಸ್ಕಾನ್ಸಿನ್‌ನಲ್ಲಿ ಮೂರನೆಯ ಮನೆಯೊಳಗೆ ಸಿಕ್ಕೇ ಸಿಗುತ್ತದೆ.

ಅಂಗಡಿಯಲ್ಲಿ ನಳಿಕೆಗೂ ಸ್ಕೋಪಿಗೂ ಹೊಂದಿಸಿಕೊಟ್ಟದ್ದು ಗುಂಡು ಕಾಗದದ ಮೇಲೆ ಬೀಳಲು ಮಾತ್ರ ಸಾಕು. ನಿಜವಾದ ಗುರಿ ಹೊಂದಿಸುವ ಕೆಲಸ ರೇಂಜಿನಲ್ಲೇ ಆಗಬೇಕು, ಮತ್ತು ಇಪ್ಪತ್ತೈದು ಗಜದಿಂದ ಆರಂಭಿಸಿದರೆ ತೋಟಾ ಉಳಿಯುತ್ತದೆ. ಗುರಿ ಸರಿಸುವ ತಿರುಪಿನ ಒಂದು ಟಿಕ್ ನೂರು ಗಜದಲ್ಲಿ ಗುಂಡನ್ನು ಸುಮಾರು ಕಾಲು ಅಂಗುಲ ಸರಿಸುತ್ತದೆಯಾದ್ದರಿಂದ ಇಪ್ಪತ್ತೈದು ಗಜದಲ್ಲಿ ಒಂದು ಅಂಗುಲಕ್ಕೆ ಹದಿನಾರು ಟಿಕ್ ಬೇಕು. ಗುಂಡು ಎರಡು ಅಂಗುಲ ಎಡಕ್ಕೆ ಬಿದ್ದಿದ್ದರೆ ಮೂವತ್ತೆರಡು ಟಿಕ್ ಬಲಕ್ಕೆ. ಇಪ್ಪತ್ತೈದು ಗಜದಲ್ಲಿ ನಡುವಿಗಿಂತ ಅರ್ಧ ಅಂಗುಲದಷ್ಟು ಕೆಳಗೆ ಬೀಳುವಂತೆ ಮಾಡಿ ನೂರು ಗಜಕ್ಕೆ ಹೋದರೆ ಅಲ್ಲಿ ಉಳಿಯುವುದು ಸಣ್ಣ ತಿದ್ದುಪಡಿ. ಅಲ್ಲಿ ಮೂರು ಮೂರು ಗುಂಡುಗಳ ಗುಂಪು ನೋಡಿ, ನಡುನಡುವೆ ನಳಿಕೆ ತಣಿಯಲು ಬಿಟ್ಟು ತಿದ್ದಬೇಕು. 150 ಗ್ರೇನ್ ತೂಕದ ಗುಂಡಿನ .308 ರೈಫಲ್ಲನ್ನು ನೂರು ಗಜಕ್ಕೆ ಹೊಂದಿಸಿದರೆ ಇನ್ನೂರು ಗಜದಲ್ಲಿ ಗುಂಡು ಸುಮಾರು ನಾಲ್ಕು ಅಂಗುಲ ಕೆಳಗೆ ಬೀಳುತ್ತದೆ. ಹೊಸಬರು ನೂರೈವತ್ತು ಗಜಕ್ಕೇ ಗೆರೆ ಎಳೆದುಕೊಂಡರೆ ಈ ಲೆಕ್ಕವನ್ನು ಕಾಡಿನಲ್ಲಿ ನೆನಪಿಸಿಕೊಳ್ಳುವ ಕಷ್ಟವೂ ಇಲ್ಲ. ಅಗ್ಗದ ಸ್ಕೋಪ್‌ನ ತಿರುಪುಗಳು ಹೇಳಿದಷ್ಟೇ ಸರಿಯುತ್ತವೆಯೇ ಎಂದು ತಿಳಿಯಲು ಇಪ್ಪತ್ತು ಟಿಕ್ ಮೇಲೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಗೆ, ಇಪ್ಪತ್ತು ಎಡಕ್ಕೆ ಸರಿಸುತ್ತ ಒಂದೊಂದು ಗುಂಡು ಹಾರಿಸಿ, ಐದನೆಯದು ಮೊದಲನೆಯದರ ಪಕ್ಕಕ್ಕೇ ಬಂತೇ ನೋಡುವ ಪದ್ಧತಿಯಿದೆ. ಬರದಿದ್ದರೆ, ಎರಡನೆಯ ಸಲ ಮಾಡಿದರೂ ಬರದಿದ್ದರೆ, ಸ್ಕೋಪನ್ನು ಬಿಚ್ಚಿ ಕಂಪನಿಗೆ ಕಳಿಸಬೇಕು. ಈ ಪರೀಕ್ಷೆಯನ್ನು ಜುಲೈ ಅಥವಾ ಆಗಸ್ಟಿನಲ್ಲೇ ಮಾಡಿದರೆ ಬದಲಿ ಸ್ಕೋಪ್ ನವೆಂಬರ್‌ಗೆ ಮೊದಲೇ ಕೈಗೆ ಬರುತ್ತದೆ. ಋತುವಿನ ಹಿಂದಿನ ವಾರ, ಕಾಡಿಗೆ ಒಯ್ಯುವ ಅದೇ ತೋಟಾದಿಂದ, ಅದೇ ದಪ್ಪ ಕೋಟು ತೊಟ್ಟು ಇನ್ನೊಮ್ಮೆ ಗುಂಡು ಹಾರಿಸಿ ನೋಡಬೇಕು, ಏಕೆಂದರೆ ತೋಟಾದ ತಯಾರಕರು ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ, ಮತ್ತು ಕೋಟಿನ ದಪ್ಪಕ್ಕೆ ಕಣ್ಣು ಸ್ಕೋಪ್‌ನಿಂದ ಅರ್ಧ ಅಂಗುಲ ಹಿಂದೆ ಸರಿದಿರುತ್ತದೆ.